ಗುಲಾಬಿ ಕಾಯಿಕೊರಕ ಬಿಟಿ ಹತ್ತಿಯನ್ನು ಗೆದ್ದದ್ದು ಹೇಗೆ? ಮಕ್ಕಳಿಗೆ ನೈಸರ್ಗಿಕ ಆಯ್ಕೆಯನ್ನು ವಿವರಿಸಲು ನೆರವು ಬೇಕು

ಪ್ರಶ್ನೆ
ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಹತ್ತಿ ಬೆಳೆಯುವ ಮನೆಯವರು. ಆದ್ದರಿಂದ ನೈಸರ್ಗಿಕ ಆಯ್ಕೆಯ ಪಾಠವನ್ನು ಜಿರಾಫೆಯ ಕುತ್ತಿಗೆಯಿಂದಲೋ ದೂರದ ದ್ವೀಪದ ಹಕ್ಕಿಗಳ ಕೊಕ್ಕಿನಿಂದಲೋ ಆರಂಭಿಸದೆ, ಅವರು ತಮ್ಮ ಹೊಲದಲ್ಲಿಯೇ ಕಂಡಿರುವ ಗುಲಾಬಿ ಕಾಯಿಕೊರಕದಿಂದ ಆರಂಭಿಸಬೇಕೆಂಬುದು ನನ್ನ ಆಸೆ.

ಮಕ್ಕಳು ಮನೆಯಲ್ಲಿ ಕೇಳಿ ತಿಳಿದಿರುವುದು ಇಷ್ಟು: ಕಾಯಿಕೊರಕವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿ ಬಂದ ಹೊಸದರಲ್ಲಿ ಕಾಯಿಕೊರಕಕ್ಕೆಂದು ಔಷಧ ಹೊಡೆಯುವ ಪ್ರಮೇಯ ಬಹಳ ಕಡಿಮೆಯಾಗಿತ್ತು; ಕೆಲವು ವರ್ಷಗಳಾದ ಮೇಲೆ ಅದೇ ಬಿಟಿ ಹತ್ತಿಯ ಕಾಯಿ ಒಡೆದು ನೋಡಿದರೆ ತೊಳೆಗಳ ನಡುವೆ ಗುಲಾಬಿ ಬಣ್ಣದ ಹುಳು ಕಾಣತೊಡಗಿತು. ಹೀಗೇಕಾಯಿತು ಎಂದು ಕೇಳಿದರೆ, ಹುಳು ದಿನವೂ ಸ್ವಲ್ಪ ಸ್ವಲ್ಪ ವಿಷ ತಿಂದು ದೇಹವನ್ನು ಗಟ್ಟಿ ಮಾಡಿಕೊಂಡಿತು, ಆ ಗಟ್ಟಿತನ ಅದರ ಮರಿಗಳಿಗೂ ಬಂದಿತು ಎಂದು ಹೇಳುತ್ತಾರೆ. ಇದು ತಪ್ಪು ಎಂದು ಹೇಳುವುದು ನನಗೆ ಸುಲಭ. ಆದರೆ ಸರಿಯಾದದ್ದನ್ನು ಮಕ್ಕಳ ಮನಸ್ಸಿಗೆ ಒಪ್ಪುವಂತೆ ಹಂತಹಂತವಾಗಿ ತೋರಿಸುವುದು ಕಷ್ಟವಾಗುತ್ತಿದೆ.

ಒಂದು ಹುಳು ತನ್ನ ಜೀವಮಾನದಲ್ಲಿ ನಿಜವಾಗಿಯೂ ಬದಲಾಗುವುದಿಲ್ಲವೇ? ಬದಲಾಗುವುದಿಲ್ಲವೆಂದರೆ, ವಿಷವನ್ನು ತಾಳುವ ಗುಣ ಬಂದದ್ದಾದರೂ ಎಲ್ಲಿಂದ? ಇನ್ನೊಂದು ಸಂದೇಹವೂ ಇದೆ. ಜೀವವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು ಎಂದು ಕಲಿತ ಮಕ್ಕಳು, ಇದು ಹತ್ತೇ ವರ್ಷದಲ್ಲಿ ಹೇಗೆ ನಡೆಯಿತು ಎಂದು ಕೇಳುತ್ತಾರೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ
ಕೀಟಶಾಸ್ತ್ರ ಸಂಶೋಧಕ, ಧಾರವಾಡ

ಮೇಡಂ, ಮೊದಲು ಒಂದೇ ಒಂದು ಹುಳುವಿನ ಬದುಕನ್ನು ಹಿಂಬಾಲಿಸಿ ನೋಡೋಣ, ಏಕೆಂದರೆ ಮಕ್ಕಳ ಕಲ್ಪನೆ ಅಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಗುಲಾಬಿ ಕಾಯಿಕೊರಕದ ಮೊಟ್ಟೆಯೊಡೆದು ಬಂದ ಮರಿಹುಳು ಹೊರಗೆ ಹೆಚ್ಚು ಹೊತ್ತು ಅಲೆಯುವುದಿಲ್ಲ; ಬೇಗನೆ ಹೂವಿನೊಳಗೋ ಎಳೆಯ ಕಾಯಿಯೊಳಗೋ ಕೊರೆದುಕೊಂಡು ಹೋಗಿ, ಕಾಯಿಯಲ್ಲಾದರೆ ಬೀಜವನ್ನು ತಿನ್ನತೊಡಗುತ್ತದೆ. ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯವಾದ ಬ್ಯಾಸಿಲಸ್ ತುರಿಂಜಿಯೆನ್ಸಿಸ್‌ನಿಂದ ತಂದ ಜೀನ್ ಇರುವುದರಿಂದ, ಗಿಡವೇ ಕ್ರೈ1ಎಸಿ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಹುಳುವಿನ ಕರುಳಿನ ಕ್ಷಾರೀಯ ರಸದಲ್ಲಿ ಈ ಪ್ರೋಟೀನ್ ಸಕ್ರಿಯವಾಗಿ, ಕರುಳಿನ ಗೋಡೆಯ ಕೋಶಗಳ ಮೇಲಿರುವ ಕ್ಯಾಡ್ಹೆರಿನ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಗೋಡೆಯಲ್ಲಿ ರಂಧ್ರಗಳಾಗಿ, ಹುಳು ತಿನ್ನುವುದನ್ನು ನಿಲ್ಲಿಸಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸತ್ತ ಹುಳು ಪತಂಗವಾಗುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಹಾಗಾಗಿ ಅದು ಸಾಯುವ ಮುನ್ನ ಏನನ್ನು ಅನುಭವಿಸಿದ್ದರೂ ಮುಂದಿನ ಪೀಳಿಗೆಗೆ ತಲುಪುವ ದಾರಿಯೇ ಇಲ್ಲ. ಬದುಕಿ ಪತಂಗವಾದ ಹುಳುವಾದರೋ, ಕಾಯಿಯೊಳಗೆ ಗಟ್ಟಿಯಾಗಿ ಬದುಕಿದ್ದಲ್ಲ. ಹುಟ್ಟುವಾಗಲೇ ಅದರ ಕ್ಯಾಡ್ಹೆರಿನ್ ವಿಷ ಅಂಟಲಾಗದ ರೂಪದಲ್ಲಿ ಇದ್ದುದರಿಂದ ಬದುಕಿತು.

ಆ ರೂಪ ಎಲ್ಲಿಂದ ಬಂದಿತು ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಪ್ರತಿ ಪೀಳಿಗೆಯಲ್ಲಿಯೂ ತಂದೆತಾಯಿಯ ಜೀನುಗಳು ನಕಲಾಗಿ ಮರಿಗಳಿಗೆ ಹೋಗುವಾಗ ಅಪರೂಪಕ್ಕೆ ತಪ್ಪುಗಳಾಗುತ್ತವೆ. ಒಂದು ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೋಟ್ಯಂತರ ಹುಳುಗಳು ಹುಟ್ಟುವಾಗ, ಯಾವುದೋ ಕೆಲವು ಹುಳುಗಳಲ್ಲಿ ಕ್ಯಾಡ್ಹೆರಿನ್ ಜೀನ್ ಕೆಟ್ಟಿರುವುದು ಆಶ್ಚರ್ಯವಲ್ಲ. ಈ ತಪ್ಪು ಬಿಟಿ ಹತ್ತಿಯ ಭಯದಿಂದ ಆದದ್ದಲ್ಲ, ಅದಕ್ಕೆ ಉತ್ತರವಾಗಿ ಆದದ್ದೂ ಅಲ್ಲ. ಬಿಟಿ ಇಲ್ಲದ ಕಾಲದಲ್ಲಿಯೂ ಆಗುತ್ತಿತ್ತು, ಆಗ ಅದರಿಂದ ಹುಳುವಿಗೆ ಲಾಭವಿರಲಿಲ್ಲ, ಅಷ್ಟೆ. ಮಾರ್ಪಾಡು ಮೊದಲು ಇರುತ್ತದೆ, ಪರೀಕ್ಷೆ ಆಮೇಲೆ ಬರುತ್ತದೆ ಎಂಬ ಈ ಕ್ರಮವನ್ನು ಬ್ಯಾಕ್ಟೀರಿಯಗಳಲ್ಲಿ 1943ರಲ್ಲಿ ಲೂರಿಯ ಮತ್ತು ಡೆಲ್‌ಬ್ರುಕ್, 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಪ್ರಯೋಗಗಳಿಂದ ತೋರಿಸಿದರು. ಲೆಡರ್‌ಬರ್ಗ್ ದಂಪತಿ ಒಂದು ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಗಳ ಅಚ್ಚನ್ನು ಮಖಮಲ್ ಬಟ್ಟೆಯಿಂದ ತೆಗೆದು ಔಷಧವಿದ್ದ ತಟ್ಟೆಗಳಿಗೆ ಒತ್ತಿದಾಗ, ಎಲ್ಲ ತಟ್ಟೆಗಳಲ್ಲಿಯೂ ಒಂದೇ ಜಾಗದ ಬ್ಯಾಕ್ಟೀರಿಯಗಳು ಬದುಕಿದವು. ಮೂಲ ತಟ್ಟೆಯ ಅದೇ ಜಾಗದಲ್ಲಿದ್ದ, ಔಷಧವನ್ನು ಎಂದೂ ಕಾಣದ ಬ್ಯಾಕ್ಟೀರಿಯಗಳಲ್ಲಿಯೂ ತಾಳುವ ಗುಣ ಆಗಲೇ ಇತ್ತು. ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಕೊಡುವುದು ಕಷ್ಟ ಎಂದು ನನ್ನ ಭಾವನೆ.

ಇನ್ನು ವೇಗದ ಪ್ರಶ್ನೆ. ಇದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಲೆಕ್ಕ ಮಾಡಿಸಿದರೇ ಮಕ್ಕಳಿಗೆ ವಿಷಯ ಹಿಡಿಯುತ್ತದೆ. ಪ್ರತಿ ಹುಳುವಿನಲ್ಲಿಯೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡೂ ಕೆಟ್ಟಿದ್ದರೆ ಮಾತ್ರ ಹುಳು ಬಿಟಿ ಗಿಡದ ಮೇಲೆ ಬದುಕುತ್ತದೆ. ಒಂದು ಸರಿಯಿದ್ದರೂ ಆ ಒಂದರಿಂದ ತಯಾರಾದ ಕ್ಯಾಡ್ಹೆರಿನ್‌ಗೆ ವಿಷ ಅಂಟಿ ಹುಳು ಸಾಯುತ್ತದೆ. ಲೆಕ್ಕಕ್ಕೆಂದು ಸಾವಿರ ಪ್ರತಿಗಳಲ್ಲಿ ಒಂದು ಕೆಟ್ಟಿದೆ ಎಂದು ಇಟ್ಟುಕೊಳ್ಳೋಣ. ಆಗ ಎರಡೂ ಪ್ರತಿಗಳು ಕೆಟ್ಟಿರುವ ಹುಳು ಹತ್ತು ಲಕ್ಷಕ್ಕೆ ಒಂದು. ಒಂದೇ ಪ್ರತಿ ಕೆಟ್ಟಿರುವ ಹುಳು ಸುಮಾರು ಐನೂರಕ್ಕೆ ಒಂದು. ಐದು ಕೋಟಿ ಹುಳುಗಳಿರುವ ಪ್ರದೇಶದಲ್ಲಿ ಪೂರ್ಣವಾಗಿ ತಾಳಬಲ್ಲವು ಸುಮಾರು ಐವತ್ತು ಮಾತ್ರ, ಉಳಿದವು ಹೆಚ್ಚುಕಡಿಮೆ ಎಲ್ಲವೂ ಬಿಟಿಗೆ ಬಲಿ. ರೈತನ ಕಣ್ಣಿಗೆ ಆ ವರ್ಷ ಹುಳು ಇಲ್ಲವೇ ಇಲ್ಲ.

ಆದರೆ ಆ ಐವತ್ತು ಯಾರೊಂದಿಗೆ ಕೂಡುತ್ತವೆ ಎಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಸುತ್ತಮುತ್ತ ಬಿಟಿ ಇಲ್ಲದ ಹತ್ತಿ ಸಾಕಷ್ಟಿದ್ದು, ಅಲ್ಲಿಂದ ಸಾವಿರಾರು ಸಾಮಾನ್ಯ ಪತಂಗಗಳು ಹೊರಬರುತ್ತಿದ್ದರೆ, ಈ ಐವತ್ತಕ್ಕೆ ಸಿಗುವ ಸಂಗಾತಿಗಳು ಬಹುಪಾಲು ಸಾಮಾನ್ಯ ಪತಂಗಗಳೇ. ಹುಟ್ಟುವ ಮರಿಗಳಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿರುತ್ತದೆ, ಅವು ಬಿಟಿ ಗಿಡದ ಮೇಲೆ ಸಾಯುತ್ತವೆ. ಸುತ್ತಲೂ ಬಿಟಿಯೇ ಇದ್ದರೆ ಬದುಕುಳಿದವು ತಮ್ಮತಮ್ಮಲ್ಲಿಯೇ ಕೂಡಬೇಕಾಗುತ್ತದೆ, ಹುಟ್ಟುವ ಪ್ರತಿ ಮರಿಯೂ ತಾಳಬಲ್ಲದ್ದೇ ಆಗಿರುತ್ತದೆ. ಒಂದು ಹಂಗಾಮಿನಲ್ಲಿ ಈ ಕೀಟದ ನಾಲ್ಕಾರು ಪೀಳಿಗೆಗಳು ಮುಗಿಯುತ್ತವೆ. ಹತ್ತು ವರ್ಷವೆಂದರೆ ನಲವತ್ತಕ್ಕೂ ಹೆಚ್ಚು ಪೀಳಿಗೆಗಳು. ಬಿಟಿಯಷ್ಟು ಕಠಿಣವಾದ ಪರೀಕ್ಷೆ ಪ್ರತಿ ಪೀಳಿಗೆಗೂ ಎದುರಾದರೆ ನಲವತ್ತು ಪೀಳಿಗೆಗಳು ಬಹಳವೇ ಆದವು. ಲಕ್ಷಾಂತರ ವರ್ಷ ಬೇಕಾಗುವುದು ಮೀನಿನ ವಂಶದಿಂದ ನೆಲದ ಪ್ರಾಣಿಗಳು ಬರುವಂತಹ ದೊಡ್ಡ ಬದಲಾವಣೆಗೆ. ಒಂದು ಜೀನಿನ ಒಂದು ರೂಪ ಅಪರೂಪದಿಂದ ಸರ್ವೇಸಾಮಾನ್ಯಕ್ಕೆ ಏರಲು ಬೇಕಾದದ್ದು ಪೀಳಿಗೆಗಳು, ವರ್ಷಗಳಲ್ಲ.

ಭಾರತದಲ್ಲಿ ನಡೆದದ್ದನ್ನು ಇದರೊಂದಿಗೆ ಹೊಂದಿಸಿ ನೋಡಿ. 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು, ಮೊದಲು ಅನುಮತಿ ಪಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2006ರಲ್ಲಿ ಕ್ರೈ1ಎಸಿ ಜೊತೆಗೆ ಕ್ರೈ2ಎಬಿ ಎಂಬ ಎರಡನೆಯ ವಿಷವನ್ನೂ ಸೇರಿಸಿದ ತಳಿ ಬಂದಿತು. 2010ರ ಹೊತ್ತಿಗೆ ಗುಜರಾತಿನ ಅಮ್ರೇಲಿ ಮುಂತಾದ ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲ ವಿಷವನ್ನು ತಾಳುತ್ತಿರುವುದು ಬಹಿರಂಗವಾಗಿತ್ತು. 2014-15ರ ಸುಮಾರಿಗೆ ಎರಡು ವಿಷಗಳಿದ್ದ ಹತ್ತಿಯ ಕಾಯಿಗಳಲ್ಲಿಯೂ ಹುಳು ಕಾಣತೊಡಗಿ, ಮಧ್ಯ ಮತ್ತು ದಕ್ಷಿಣ ಭಾರತಕ್ಕೆ ಹರಡಿತು. ಭಾರತದ ಹೊಲಗಳಿಂದ ಆರಿಸಿದ ನಿರೋಧಕ ಹುಳುಗಳ ಕ್ಯಾಡ್ಹೆರಿನ್ ಜೀನನ್ನು ಓದಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆ ಜೀನ್ ಎಂಟು ಬೇರೆಬೇರೆ ರೀತಿಗಳಲ್ಲಿ ಕೆಟ್ಟಿರುವುದು ಕಂಡುಬಂದಿತು. ನನಗೆ ಇದು ಬಹಳ ಮುಖ್ಯವೆನಿಸುತ್ತದೆ. ಹುಳುಗಳು ಒಂದು ಉಪಾಯವನ್ನು ಕಂಡುಹಿಡಿದಿದ್ದರೆ ಒಂದೇ ಬಗೆಯ ಬದಲಾವಣೆ ಇರಬೇಕಿತ್ತು. ಇಲ್ಲಿ ಆದದ್ದು, ಎಲ್ಲೆಲ್ಲೋ ಹೇಗೆಹೇಗೋ ಕೆಟ್ಟ ಜೀನುಗಳಲ್ಲಿ ವಿಷ ಅಂಟದಂತೆ ಕೆಟ್ಟವುಗಳೆಲ್ಲವೂ ಉಳಿದುಕೊಂಡವು.

ಉತ್ತರ
ಹತ್ತಿ ಬೆಳೆಗಾರ, ಹಾವೇರಿ ಜಿಲ್ಲೆ

ಮೇಲಿನ ಉತ್ತರವನ್ನು ಎರಡು ಸಲ ಓದಿದೆ. ಬಿಟಿ ಇಲ್ಲದ ಹತ್ತಿಯ ವಿಷಯ ಬಂದದ್ದರಿಂದ, ಹೊಲದಲ್ಲಿ ಅದು ಏನಾಯಿತು ಎಂಬುದನ್ನು ಹೇಳಬೇಕೆನಿಸಿತು.

ಆರಂಭದಿಂದಲೂ ಬೀಜದ ಪಾಕೀಟಿನಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ನಾನ್-ಬಿಟಿ ಬೀಜದ ಸಣ್ಣ ಪೊಟ್ಟಣವೊಂದು ಬರುತ್ತಿತ್ತು. ಹೊಲದ ಸುತ್ತ ಐದು ಸಾಲು ಅಥವಾ ಹೊಲದ ನೂರಕ್ಕೆ ಇಪ್ಪತ್ತು ಭಾಗ, ಯಾವುದು ಹೆಚ್ಚೋ ಅಷ್ಟು ಜಾಗದಲ್ಲಿ ಅದನ್ನು ಬಿತ್ತಬೇಕೆಂಬುದು ಆಗಿನ ನಿಯಮವಾಗಿತ್ತು. ನಮ್ಮ ಕಡೆ ಬಹುತೇಕರು ಅದನ್ನು ಬಿತ್ತಲಿಲ್ಲ. ಕೆಲವರು ಎಸೆದರು, ಕೆಲವರು ಬೀಜ ಮೊಳೆಯದೆ ಹುಸಿ ಹೋದ ಜಾಗದಲ್ಲಿ ಊರಿದರು. ಇದಕ್ಕೆ ರೈತರ ಅಲಕ್ಷ್ಯವೇ ಕಾರಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎರಡು ಮೂರು ಎಕರೆ ಇರುವವನಿಗೆ, ಐದನೆಯ ಒಂದು ಪಾಲು ಜಾಗದಲ್ಲಿ ಹುಳುವಿಗೆಂದೇ ಬೆಳೆ ಬೆಳೆಯಿರಿ ಎಂದು ಹೇಳಿದರೆ, ಅದು ಏಕೆ ಎಂಬುದನ್ನೂ ಅವನಿಗೆ ಅರ್ಥವಾಗುವಂತೆ ಹೇಳಬೇಕು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳು ಏಕೆ ಎಂಬುದನ್ನು ಹೇಳಲಿಲ್ಲ. ಆ ಸಾಲುಗಳಲ್ಲಿ ಬೆಳೆದ ಸಾಮಾನ್ಯ ಪತಂಗ ಪಕ್ಕದ ಬಿಟಿ ಸಾಲಿನಿಂದ ಎದ್ದು ಬಂದ ಪತಂಗದೊಂದಿಗೆ ಕೂಡಲಿ ಎಂಬುದು ಅದರ ಉದ್ದೇಶ ಎಂದು ಇಷ್ಟು ಸ್ಪಷ್ಟವಾಗಿ ಓದುತ್ತಿರುವುದು ನಾನು ಈಗಲೇ. ಪತಂಗಕ್ಕೆ ಹೊಲದ ಬದು ಗೊತ್ತಿಲ್ಲವಾದ್ದರಿಂದ, ನಾನೊಬ್ಬ ಬಿತ್ತಿದರೆ ಅದರ ಲಾಭ ಊರಿಗೆಲ್ಲ, ನಷ್ಟ ನನಗೆ ಮಾತ್ರ ಎಂಬ ಸಮಸ್ಯೆಯೂ ಇತ್ತು.

ನನ್ನದೂ ಒಂದು ಪ್ರಶ್ನೆ ಇದೆ. ಬಿಟಿ ಬರುವ ಮುಂಚೆ ನಮ್ಮನ್ನು ಹೆಚ್ಚು ಕಾಡುತ್ತಿದ್ದದ್ದು ಹಸಿರು ಕಾಯಿಕೊರಕ, ಅಂದರೆ ಅಮೆರಿಕನ್ ಕಾಯಿಕೊರಕ. ಅದು ತೊಗರಿಯಲ್ಲಿ, ಕಡಲೆಯಲ್ಲಿ ಇವತ್ತಿಗೂ ಇದೆ. ಆದರೆ ಬಿಟಿ ಹತ್ತಿಯಲ್ಲಿ ಅದು ಗುಲಾಬಿ ಹುಳುವಿನಂತೆ ತಲೆ ಎತ್ತಿಲ್ಲ. ಎರಡಕ್ಕೂ ಒಂದೇ ವಿಷ, ಒಂದೇ ಹೊಲ, ಅಷ್ಟೇ ವರ್ಷ. ಒಂದು ಗೆದ್ದು ಇನ್ನೊಂದು ಏಕೆ ಗೆಲ್ಲಲಿಲ್ಲ?

ಉತ್ತರ
ಅರಿಜೋನಾದಲ್ಲಿ ನೆಲೆಸಿರುವ ಕನ್ನಡಿಗ, ತಳಿಶಾಸ್ತ್ರ ವಿದ್ಯಾರ್ಥಿ

ಹಾವೇರಿಯ ರೈತರ ಪ್ರಶ್ನೆಗೆ ಉತ್ತರ ಅವರ ಮಾತಿನೊಳಗೇ ಇದೆ. ಅಮೆರಿಕನ್ ಕಾಯಿಕೊರಕಕ್ಕೆ ತೊಗರಿ, ಕಡಲೆ, ಟೊಮ್ಯಾಟೊ, ಸೂರ್ಯಕಾಂತಿ ಎಲ್ಲವೂ ಆಹಾರ. ಆ ಹೊಲಗಳಲ್ಲಿ ಬಿಟಿ ಇಲ್ಲವಾದ್ದರಿಂದ, ಯಾರೂ ನಾನ್-ಬಿಟಿ ಬೀಜ ಬಿತ್ತದಿದ್ದರೂ ಸಾಮಾನ್ಯ ಪತಂಗಗಳು ಅಲ್ಲಿಂದ ಧಾರಾಳವಾಗಿ ಬಂದು ಹತ್ತಿ ಹೊಲದ ಪತಂಗಗಳೊಂದಿಗೆ ಕೂಡುತ್ತಲೇ ಇದ್ದವು. ಗುಲಾಬಿ ಕಾಯಿಕೊರಕಕ್ಕಾದರೋ ಬೆಳೆಗಳ ಪೈಕಿ ಹತ್ತಿಯೊಂದೇ ಹೆಚ್ಚುಕಡಿಮೆ ಗತಿ. ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಬಿಟಿಯಾದ ಮೇಲೆ, ಸಾಮಾನ್ಯ ಗುಲಾಬಿ ಹುಳು ಬದುಕಲು ಜಾಗವೇ ಉಳಿಯಲಿಲ್ಲ.

ನಾನಿರುವ ಅರಿಜೋನಾದಲ್ಲಿ ಇದೇ ಕೀಟ, ಇದೇ ವಿಷದ ಎದುರು, ಬೇರೆಯೇ ಗತಿ ಕಂಡಿತು. ಶಿಕ್ಷಕಿಯವರು ಮಕ್ಕಳಿಗೆ ಇದನ್ನೂ ಹೇಳಬೇಕೆಂದು ಕೋರುತ್ತೇನೆ. ಇಲ್ಲಿ ಬಿಟಿ ಹತ್ತಿ ಭಾರತಕ್ಕಿಂತ ಆರು ವರ್ಷ ಮೊದಲೇ, 1996ರಲ್ಲಿ ಬಂದಿತು. 1997ರಲ್ಲಿ ಹೊಲಗಳಿಂದ ತಂದ ಹುಳುಗಳನ್ನು ಪರೀಕ್ಷಿಸಿದಾಗ, ತಾಳುವ ಜೀನ್ ರೂಪದ ಪ್ರಮಾಣ ನೂರಕ್ಕೆ ಹದಿನಾರರಷ್ಟು ಇದೆ ಎಂಬ ಅಂದಾಜು ಸಿಕ್ಕಿ ವಿಜ್ಞಾನಿಗಳು ಗಾಬರಿಯಾದರು. ಮೇಲೆ ಲೆಕ್ಕಕ್ಕೆ ತೆಗೆದುಕೊಂಡ ಸಾವಿರಕ್ಕೆ ಒಂದರ ಮುಂದೆ ಇದು ಎಷ್ಟು ದೊಡ್ಡದು ಎಂಬುದನ್ನು ಗಮನಿಸಿ. ಮೂರು ನಾಲ್ಕು ವರ್ಷಗಳಲ್ಲಿ ಬಿಟಿ ಸೋಲುತ್ತದೆ ಎಂದು ನಿರೀಕ್ಷಿಸುವುದು ಸಹಜವಾಗಿತ್ತು. ಸೋಲಲಿಲ್ಲ; ಮುಂದಿನ ವರ್ಷಗಳ ಪರೀಕ್ಷೆಗಳಲ್ಲಿ ಆ ಪ್ರಮಾಣ ಏರುವ ಬದಲು ಇಳಿದಿತ್ತು.

ಇದಕ್ಕೆ ಒಂದು ಕಾರಣ, ಇಲ್ಲಿನ ಬಹುಪಾಲು ಬೆಳೆಗಾರರು ನಾನ್-ಬಿಟಿ ಹತ್ತಿಯನ್ನು ನಿಯಮದಂತೆ ಬೆಳೆದರು. ಅವರ ಹೊಲಗಳು ನೂರಾರು ಎಕರೆಗಳವು, ಮೂರು ಎಕರೆಯವನ ಕಷ್ಟ ಅವರಿಗಿರಲಿಲ್ಲ. ಹಾಗಾಗಿ ಇದನ್ನು ಹೋಲಿಸಿ ಭಾರತದ ರೈತರನ್ನು ದೂರುವುದು ನ್ಯಾಯವಲ್ಲ. ಇನ್ನೊಂದು ಕಾರಣ ಜೀನಿನಲ್ಲಿಯೇ ಇದೆ. ಕ್ಯಾಡ್ಹೆರಿನ್ ಕೆಟ್ಟಿರುವ ಹುಳು ಬಿಟಿ ಇಲ್ಲದ ಹತ್ತಿಯ ಮೇಲೆ ಸಾಮಾನ್ಯ ಹುಳುವಿನಷ್ಟು ಚೆನ್ನಾಗಿ ಬದುಕುವುದಿಲ್ಲ, ಚಳಿಗಾಲವನ್ನು ದಾಟುವುದರಲ್ಲಿಯೂ ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಬಿಟಿ ಹೊಲದಲ್ಲಿ ಅದಕ್ಕೆ ಲಾಭ, ಪಕ್ಕದ ಹೊಲದಲ್ಲಿ ಅದಕ್ಕೇ ನಷ್ಟ. ನೈಸರ್ಗಿಕ ಆಯ್ಕೆಯಲ್ಲಿ ಶಕ್ತಿವಂತ ಎಂಬುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಯಾವ ಹೊಲದಲ್ಲಿ, ಯಾವ ಋತುವಿನಲ್ಲಿ, ಯಾರ ಎದುರು ಎಂಬುದನ್ನು ಸೇರಿಸಿದರೆ ಮಾತ್ರ ಅರ್ಥ ಬರುತ್ತದೆ.

2006ರಿಂದ ಇಲ್ಲಿ ಇನ್ನೊಂದು ಉಪಾಯ ಮಾಡಿದರು. ಪ್ರಯೋಗಾಲಯದಲ್ಲಿ ಸಾಕಿದ ಪತಂಗಗಳನ್ನು ವಿಕಿರಣದಿಂದ ಸಂತಾನಹೀನ ಮಾಡಿ, ಕೋಟ್ಯಂತರ ಸಂಖ್ಯೆಯಲ್ಲಿ ವಿಮಾನಗಳಿಂದ ಹೊಲಗಳ ಮೇಲೆ ಬಿಟ್ಟರು. ಬಿಟಿಯನ್ನು ತಾಳಿ ಬದುಕಿದ ಅಪರೂಪದ ಪತಂಗಕ್ಕೆ ಸಿಗುವ ಸಂಗಾತಿ ಬಹುಶಃ ಸಂತಾನಹೀನವಾದದ್ದೇ ಆದ್ದರಿಂದ, ಅದರ ಜೀನುಗಳು ಮುಂದಿನ ಪೀಳಿಗೆಗೆ ಹೋಗುವುದೇ ನಿಂತಿತು. ಗುಲಾಬಿ ಕಾಯಿಕೊರಕವು ಅಮೆರಿಕದ ಹತ್ತಿ ಪ್ರದೇಶಗಳಿಂದ ನಿರ್ಮೂಲವಾಗಿದೆ ಎಂದು 2018ರ ಅಕ್ಟೋಬರ್‌ನಲ್ಲಿ ಇಲ್ಲಿನ ಕೃಷಿ ಇಲಾಖೆ ಘೋಷಿಸಿತು. ಬದುಕುಳಿಯುವುದು ಆಯ್ಕೆಯ ಅರ್ಧ ಭಾಗ ಮಾತ್ರ, ಮರಿಗಳನ್ನು ಬಿಟ್ಟುಹೋಗುವುದು ಇನ್ನರ್ಧ ಎಂಬುದನ್ನು ಈ ಘಟನೆಯಷ್ಟು ಚೆನ್ನಾಗಿ ತೋರಿಸುವ ಬೇರೊಂದು ಉದಾಹರಣೆ ನನಗೆ ತಿಳಿದಿಲ್ಲ.

ಭಾರತದಲ್ಲಿ ಬಿತ್ತುವ ಬಿಟಿ ಬೀಜ ಬಹುಪಾಲು ಹೈಬ್ರಿಡ್ ಎಂಬುದನ್ನೂ ಹೇಳಬೇಕು. ಅದರ ತಂದೆತಾಯಿ ಗಿಡಗಳಲ್ಲಿ ಒಂದರಲ್ಲಿ ಮಾತ್ರ ಬಿಟಿ ಜೀನ್ ಇದ್ದರೆ, ಹೈಬ್ರಿಡ್ ಗಿಡದಲ್ಲಿ ಆ ಜೀನಿನ ಒಂದೇ ಪ್ರತಿ ಇರುತ್ತದೆ. ಮೆಂಡೆಲ್ಲನ ನಿಯಮದಂತೆ ಆ ಗಿಡದ ಕಾಯಿಯಲ್ಲಿರುವ ನಾಲ್ಕು ಬೀಜಗಳಲ್ಲಿ ಸರಾಸರಿ ಒಂದರಲ್ಲಿ ಬಿಟಿ ಜೀನ್ ಇರುವುದೇ ಇಲ್ಲ. ಗುಲಾಬಿ ಹುಳು ತಿನ್ನುವುದು ಬೀಜವನ್ನೇ. ಒಂದೇ ಕಾಯಿಯೊಳಗೆ ವಿಷವಿರುವ ಮತ್ತು ವಿಷವಿಲ್ಲದ ಬೀಜಗಳು ಒತ್ತಟ್ಟಿಗಿರುವಾಗ, ಒಂದು ಪ್ರತಿ ಮಾತ್ರ ಕೆಟ್ಟಿರುವ ಹುಳುವಿಗೂ ಬದುಕುವ ಅವಕಾಶ ಸಿಗುತ್ತದೆ, ಮೇಲಿನ ಲೆಕ್ಕದಲ್ಲಿ ಅದು ಸಾಯಬೇಕಿತ್ತು. ಅಮೆರಿಕದಲ್ಲಿ ಬೆಳೆಯುವುದು ಹೈಬ್ರಿಡ್ ಅಲ್ಲದ, ಬಿಟಿ ಜೀನ್ ಸ್ಥಿರವಾಗಿರುವ ತಳಿಗಳಾದ್ದರಿಂದ ಈ ತೊಂದರೆ ಅಲ್ಲಿ ಇರಲಿಲ್ಲ. ಇದರ ಜೊತೆಗೆ ಚೀನಾದ ಯಾಂಗ್‌ಟ್ಸಿ ಕಣಿವೆಯ ಅನುಭವವನ್ನೂ ಇಟ್ಟು ನೋಡಬೇಕು. ಅಲ್ಲಿನ ರೈತರು ಹೈಬ್ರಿಡ್ ಗಿಡಗಳಿಂದ ಬಂದ ಎರಡನೆಯ ಪೀಳಿಗೆಯ ಬೀಜವನ್ನು ಬಿತ್ತಿದಾಗ, ಹೊಲದ ಕಾಲುಭಾಗ ಗಿಡಗಳು ಪೂರ್ತಿಯಾಗಿ ಬಿಟಿ ಇಲ್ಲದವಾಗಿ, ಯಾರೂ ಯೋಜಿಸದೆಯೇ ಸಾಮಾನ್ಯ ಪತಂಗಗಳಿಗೆ ನೆಲೆ ದೊರೆಯಿತು. 2010ರ ಸುಮಾರಿಗೆ ಏರತೊಡಗಿದ್ದ ನಿರೋಧಕತೆ ಆಮೇಲೆ ಇಳಿಯಿತು ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇಷ್ಟನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳಿಂದ ಎರಡು ಪ್ರಶ್ನೆಗಳು ಬಂದವು. ಬಿಟಿ ಹತ್ತಿಯನ್ನು ಮಾಡಿದ್ದು ಮನುಷ್ಯ, ಬಿತ್ತಿದ್ದು ಮನುಷ್ಯ. ಹಾಗಿರುವಾಗ ಇದನ್ನು ನೈಸರ್ಗಿಕ ಆಯ್ಕೆ ಎನ್ನಬಹುದೇ ಎಂದು ಒಬ್ಬ ಹುಡುಗಿ ಕೇಳಿದಳು. ಬಿಟಿ ಬಿತ್ತುವುದನ್ನು ಎಲ್ಲರೂ ನಿಲ್ಲಿಸಿಬಿಟ್ಟರೆ ಹುಳು ಮೊದಲಿನಂತಾಗುತ್ತದೆಯೇ ಎಂದು ಇನ್ನೊಬ್ಬ ಕೇಳಿದ. ತರಗತಿಯಲ್ಲಿಯೇ ಮಾಡಿಸಬಹುದಾದ ಪ್ರಯೋಗವಿದ್ದರೆ ಅದನ್ನೂ ತಿಳಿಸಿ.

ಉತ್ತರ
ಕೀಟಶಾಸ್ತ್ರ ಸಂಶೋಧಕ, ಧಾರವಾಡ

ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ತಳಿ ಸುಧಾರಕನೊಬ್ಬ ಹೆಚ್ಚು ಹಾಲು ಕೊಡುವ ಹಸುವನ್ನೋ ದಪ್ಪ ತೆನೆಯ ಜೋಳವನ್ನೋ ನೋಡಿ, ಮುಂದಿನ ಪೀಳಿಗೆಯ ತಂದೆತಾಯಿ ಯಾರಾಗಬೇಕೆಂದು ತಾನೇ ನಿರ್ಧರಿಸಿದರೆ ಅದು ಕೃತಕ ಆಯ್ಕೆ. ಗುಲಾಬಿ ಹುಳುವಿನ ವಿಷಯದಲ್ಲಿ ಯಾವ ಪತಂಗ ಮೊಟ್ಟೆ ಇಡಬೇಕೆಂದು ಯಾರೂ ನಿರ್ಧರಿಸಲಿಲ್ಲ. ನಿರ್ಧರಿಸುವ ಅಧಿಕಾರ ನಮಗಿದ್ದಿದ್ದರೆ ತಾಳಬಲ್ಲ ಹುಳುವನ್ನು ನಾವು ಖಂಡಿತ ಆರಿಸುತ್ತಿರಲಿಲ್ಲ. ಮನುಷ್ಯ ಬದಲಿಸಿದ್ದು ಹುಳು ಬದುಕುವ ಪರಿಸರವನ್ನು ಮಾತ್ರ. ಬರಗಾಲ ಬಂದರೂ, ಹೊಸ ರೋಗ ಬಂದರೂ, ಬಿಟಿ ಬಂದರೂ ಮುಂದಿನ ಪ್ರಕ್ರಿಯೆ ಒಂದೇ. ಇದು ಬಿಟಿಯೊಂದಿಗೆ ಶುರುವಾದದ್ದೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ ಸುಣ್ಣ-ಗಂಧಕದ ದ್ರಾವಣಕ್ಕೆ ಸಾಯದ ಶಲ್ಕ ಕೀಟಗಳನ್ನು ಕಂಡ ಮೆಲಾಂಡರ್ ಎಂಬ ಕೀಟಶಾಸ್ತ್ರಜ್ಞ, ಕೀಟಗಳು ಸಿಂಪರಣೆಯನ್ನು ತಾಳುವಂತಾಗಬಹುದೇ ಎಂಬ ಪ್ರಶ್ನೆಯನ್ನು 1914ರಲ್ಲಿಯೇ ಎತ್ತಿದ್ದರು.

ಬಿಟಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ, ಸರಿಯಾದ ಜೀನ್ ಇರುವ ಹುಳುಗಳು ಇನ್ನೂ ಎಷ್ಟು ಉಳಿದಿವೆ ಎಂಬುದನ್ನು ಅವಲಂಬಿಸಿದೆ. ಕೆಟ್ಟ ಕ್ಯಾಡ್ಹೆರಿನ್‌ನಿಂದ ನಷ್ಟವಿದೆ ಎಂದು ಅರಿಜೋನಾದ ಗೆಳೆಯರು ಬರೆದಿದ್ದಾರೆ. ಆದರೆ ಆ ನಷ್ಟ ಕೆಲಸ ಮಾಡಲು ಪಕ್ಕದಲ್ಲಿ ಅದಕ್ಕಿಂತ ಚೆನ್ನಾಗಿ ಬದುಕುವ ಸಾಮಾನ್ಯ ಹುಳು ಇರಬೇಕು. ಒಂದು ಪ್ರದೇಶದ ಎಲ್ಲ ಹುಳುಗಳಲ್ಲಿಯೂ ಕೆಟ್ಟ ರೂಪವೇ ಇದ್ದರೆ, ಆಯ್ಕೆಗೆ ಆರಿಸಲು ಬೇರೆ ಯಾವುದೂ ಇರುವುದಿಲ್ಲ. ಹೊರಗಿನಿಂದ ಸಾಮಾನ್ಯ ಪತಂಗಗಳು ಬರಬೇಕು, ಇಲ್ಲವೇ ಕೆಟ್ಟ ಜೀನ್ ಅಕಸ್ಮಾತ್ತಾಗಿ ಮತ್ತೆ ಸರಿಯಾಗಬೇಕು. ಎರಡನೆಯದು ಕೆಡುವುದಕ್ಕಿಂತ ಎಷ್ಟೋ ಪಟ್ಟು ಅಪರೂಪ, ಏಕೆಂದರೆ ಜೀನ್ ಕೆಡಲು ದಾರಿಗಳು ಅನೇಕ, ಕೆಟ್ಟದ್ದು ಸರಿಯಾಗಲು ದಾರಿ ಒಂದೆರಡು ಮಾತ್ರ. ಈಗ ರೈತರಿಗೆ ಹೇಳುತ್ತಿರುವುದು ಬೇರೆ ಬಗೆಯ ಕ್ರಮಗಳನ್ನು: ಬೆಳೆಯನ್ನು ಡಿಸೆಂಬರ್-ಜನವರಿಯೊಳಗೆ ಮುಗಿಸುವುದು, ಹತ್ತಿ ಕಟ್ಟಿಗೆಯನ್ನೂ ಉಳಿದ ಕಾಯಿಗಳನ್ನೂ ಹೊಲದಲ್ಲಿ ಬಿಡದಿರುವುದು, ಜಿನ್ನಿಂಗ್ ಮಿಲ್ಲುಗಳ ಸುತ್ತ ಮೋಹಕ ಬಲೆಗಳನ್ನು ಹಾಕುವುದು, ಹೆಣ್ಣು ಪತಂಗದ ವಾಸನೆಯನ್ನು ಹೋಲುವ ದ್ರವ್ಯವನ್ನು ಹೊಲದಲ್ಲಿ ಹರಡಿ ಗಂಡಿಗೆ ಹೆಣ್ಣು ಸಿಗದಂತೆ ಮಾಡುವುದು. ಇವು ಯಾವುವೂ ಕ್ಯಾಡ್ಹೆರಿನ್ ಜೀನ್ ಹೇಗಿದೆ ಎಂಬುದನ್ನು ಅವಲಂಬಿಸಿಲ್ಲವಾದ್ದರಿಂದ, ಬಿಟಿ ತಾಳುವ ಹುಳುವಿಗೂ ತಾಳದ ಹುಳುವಿಗೂ ಸಮನಾಗಿ ತಟ್ಟುತ್ತವೆ.

ತರಗತಿಯ ಪ್ರಯೋಗಕ್ಕೆ ಒಂದೇ ಗಾತ್ರದ ಬಿಳಿ ಮತ್ತು ಕೆಂಪು ಅಲಸಂದೆ ಕಾಳು ಸಾಕು. ಒಂದು ಚೀಲದಲ್ಲಿ 180 ಬಿಳಿ ಮತ್ತು 20 ಕೆಂಪು ಕಾಳು ಹಾಕಿ; ಬಿಳಿಯದು ಸರಿಯಾದ ಜೀನ್, ಕೆಂಪು ಕೆಟ್ಟದ್ದು. ಮಕ್ಕಳು ನೋಡದೆ ಎರಡೆರಡು ಕಾಳು ತೆಗೆದು ನೂರು ಜೋಡಿ ಮಾಡಲಿ, ಪ್ರತಿ ಜೋಡಿಯೂ ಒಂದು ಹುಳು. ಮೊದಲ ಸಲ ಎಲ್ಲವನ್ನೂ ಬಿಟಿ ಹೊಲವೆಂದುಕೊಂಡು, ಕೆಂಪು-ಕೆಂಪು ಜೋಡಿಗಳನ್ನು ಬಿಟ್ಟು ಉಳಿದವನ್ನೆಲ್ಲ ತೆಗೆದುಹಾಕಿ. ನೂರರಲ್ಲಿ ಸುಮಾರು ಒಂದು ಜೋಡಿ ಉಳಿಯುತ್ತದೆ, ಕೆಲವು ಗುಂಪುಗಳಲ್ಲಿ ಒಂದೂ ಉಳಿಯದೆ ಹುಳುವಿನ ವಂಶವೇ ಮುಗಿಯುತ್ತದೆ. ಉಳಿದ ಗುಂಪಿನಲ್ಲಿ ಮಾತ್ರ ಮುಂದಿನ ಪೀಳಿಗೆ ಪೂರ್ತಿ ಕೆಂಪು. ಎರಡನೆಯ ಸಲ ಮೊದಲಿನಷ್ಟೇ ಕಾಳುಗಳಿಂದ ಆರಂಭಿಸಿ, ನೂರರಲ್ಲಿ 20 ಜೋಡಿಗಳನ್ನು ನಾನ್-ಬಿಟಿ ಸಾಲಿನವು ಎಂದು ಪಕ್ಕಕ್ಕಿಟ್ಟು ಅವುಗಳಲ್ಲಿ ಒಂದನ್ನೂ ತೆಗೆಯಬೇಡಿ. ಉಳಿದ 80ರಲ್ಲಿ ಮಾತ್ರ ಕೆಂಪು-ಕೆಂಪು ಜೋಡಿಗಳನ್ನು ಉಳಿಸಿ, ಬದುಕಿದ ಎಲ್ಲ ಕಾಳುಗಳನ್ನು ಒಟ್ಟುಗೂಡಿಸಿ ಕೆಂಪಿನ ಪ್ರಮಾಣವನ್ನು ಎಣಿಸಿ. ಹಲವು ಗುಂಪುಗಳ ಎಣಿಕೆಯನ್ನು ಸೇರಿಸಿದರೆ ಅದು ನೂರಕ್ಕೆ ಹತ್ತರಿಂದ ಹದಿಮೂರರ ಆಸುಪಾಸಿಗೆ ಮಾತ್ರ ಏರಿರುತ್ತದೆ. ಪಕ್ಕಕ್ಕಿಡುವ ಜೋಡಿಗಳನ್ನು 20ರಿಂದ 5ಕ್ಕೆ ಇಳಿಸಿ ಮತ್ತೊಮ್ಮೆ ಮಾಡಿದರೆ, ಅದೇ ಒಂದು ಪೀಳಿಗೆಯಲ್ಲಿ ಕೆಂಪು 24ರ ಸುತ್ತಮುತ್ತ ಬಂದು ನಿಲ್ಲುತ್ತದೆ.